ಮಗುವಿನ ಬೆನ್ನಿಗೂ ಬಿಡುವು ಬೇಕು



ನಿಮ್ಮ ಹತ್ತು ವರ್ಷದ ಮಗ ಚೆನ್ನಾಗಿ ಬೌಲಿಂಗ್ ಮಾಡುತ್ತಾನೆ. ಬೇಸಿಗೆ ಶಿಬಿರ ಮುಗಿದರೂ ಬಿಡಿಸಬೇಡಿ, ವರ್ಷಪೂರ್ತಿ ಕಳುಹಿಸಿ ಎನ್ನುತ್ತಾರೆ ಕೋಚ್. ಯಜಮಾನರಿಗೂ ಹುಮ್ಮಸ್ಸು. ಆಗ ನೀವೇನು ಹೇಳುತ್ತೀರಿ?

ಬೆಳೆಯುವ ಮಕ್ಕಳ ಎಲುಬು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ವೇಗದ ಬೌಲಿಂಗ್‌ನಲ್ಲಿ ಬೆನ್ನು ಬಾಗಿ ತಿರುಗುತ್ತದೆ. ಇದು ಬಿಡುವಿಲ್ಲದೆ ನಡೆದರೆ ಬೆನ್ನಿನ ಕೆಳಭಾಗದ ಎಲುಬಿನಲ್ಲಿ ಸಣ್ಣ ಬಿರುಕು ಮೂಡಬಹುದು. ಮಗ ಬೆನ್ನು ನೋವೆಂದರೆ ನೆಪವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ.

ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2016ರಲ್ಲಿ ನೀಡಿದ ಸಲಹೆ ಹೀಗಿದೆ: ಮಗುವನ್ನು ಒಂದೇ ಆಟಕ್ಕೆ ಮೀಸಲಿಡುವುದನ್ನು 15-16ನೇ ವಯಸ್ಸಿನವರೆಗೆ ಮುಂದೂಡಿ. ವಾರಕ್ಕೆ ಒಂದೆರಡು ದಿನ, ವರ್ಷದಲ್ಲಿ ಒಂದೊಂದು ತಿಂಗಳಂತೆ ಒಟ್ಟು ಮೂರು ತಿಂಗಳಾದರೂ ಆ ಆಟಕ್ಕೆ ಬಿಡುವು ಕೊಡಿ. ಜಿಮ್ನಾಸ್ಟಿಕ್ಸ್‌ನಂಥ ಕೆಲವು ಆಟಗಳನ್ನು ಬೇಗ ಆರಂಭಿಸಬೇಕಾಗುತ್ತದೆ, ನಿಜ. ಆದರೆ ಟೆನಿಸ್‌ನ ರೋಜರ್ ಫೆಡರರ್ ಕೂಡ ಬಾಲ್ಯದಲ್ಲಿ ಫುಟ್ಬಾಲ್ ಆಡುತ್ತಿದ್ದರು.

ಬಿಡುವೆಂದರೆ ಸೋಮಾರಿತನವಲ್ಲ. ಮಗ ಈಜಲಿ, ಸೈಕಲ್ ತುಳಿಯಲಿ, ತಂಗಿಯ ಜೊತೆ ಶಟಲ್ ಆಡಲಿ. ಮಗುವಿನ ದಣಿವು ಮೊದಲು ಕಾಣುವುದು ತಾಯಿಗೆ. “ಈ ತಿಂಗಳು ಸಾಕು” ಎಂದು ಕೋಚ್‌ಗೆ ಹೇಳಲು ಹಿಂಜರಿಯಬೇಡಿ.