ನಾಗವಲ್ಲಿಯ ತಲೆಗೆ ಕಟ್ಟಿದ ಸಾವುಗಳು

ಮೊನ್ನೆ ಗೃಹಪ್ರವೇಶವೊಂದರ ಪಂಕ್ತಿಯಲ್ಲಿ ದೊಡ್ಡಪ್ಪ ನನ್ನ ಪಕ್ಕ ಕೂತಿದ್ದರು. ಮಾತು ಹೇಗೋ ‘ಆಪ್ತಮಿತ್ರ’ಕ್ಕೆ ಬಂತು. ‘ಆ ಪಿಕ್ಚರ್ ಮಾಡಬಾರದಿತ್ತು ಕಣೋ. ಮೊದಲು ಸೌಂದರ್ಯಾ ಹೋದಳು, ಆಮೇಲೆ ವಿಷ್ಣು. ನಾಗವಲ್ಲಿ ಬಿಡ್ತಾಳೇನು?’ ಎಂದರು. ಎದುರು ಸಾಲಿನವರೂ ಹೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಹೋಳಿಗೆಗೆ ತುಪ್ಪ ಬಂತು, ಮಾತು ಬೇರೆ ಕಡೆ ಹೊರಳಿತು. ನನಗೆ ಮಾತ್ರ ಊಟ ಸೇರಲಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ನಡೆದದ್ದೇನು ನೋಡೋಣ. ಸೌಂದರ್ಯಾ ತೀರಿಕೊಂಡದ್ದು 2004ರ ಏಪ್ರಿಲ್ 17ರಂದು. ಚುನಾವಣಾ ಪ್ರಚಾರಕ್ಕೆ ಕರೀಂನಗರಕ್ಕೆ ಹೊರಟಿದ್ದ ಪುಟ್ಟ ವಿಮಾನ ಬೆಂಗಳೂರಿನ ಜಕ್ಕೂರಿನಿಂದ ಮೇಲೇರಿದ ಸ್ವಲ್ಪ ಹೊತ್ತಿಗೇ ನೆಲಕ್ಕೆ ಬಿತ್ತು. ‘ಆಪ್ತಮಿತ್ರ’ ತೆರೆಗೆ ಬಂದದ್ದು ಅದೇ ವರ್ಷ ಆಗಸ್ಟ್‌ನಲ್ಲಿ. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ಮೈಸೂರಿನಲ್ಲಿ ಹೃದಯಾಘಾತದಿಂದ ಹೋದರು; ವಯಸ್ಸು 59. ‘ಆಪ್ತರಕ್ಷಕ’ ಬಿಡುಗಡೆಯಾದದ್ದು ಮರುವರ್ಷದ ಫೆಬ್ರುವರಿಯಲ್ಲಿ. ಎರಡು ಚಿತ್ರಗಳು, ಎರಡರ ಬಿಡುಗಡೆಗೂ ಮುನ್ನ ಒಂದೊಂದು ಸಾವು. ಇದು ನಿಜ, ಮನಸ್ಸು ಕಲಕುವ ನಿಜ. ಆದರೆ ಆ ಎರಡು ಸಾವುಗಳ ನಡುವೆ ಐದು ವರ್ಷ ಎಂಟು ತಿಂಗಳ ಅಂತರವಿದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಹೇಳದೆ ಬಿಟ್ಟದ್ದು ಇನ್ನೂ ಇದೆ. ಆ ವಿಮಾನದಲ್ಲಿ ಸತ್ತವರು ನಾಲ್ವರು. ಪೈಲಟ್ ಯಾವ ನಾಗವಲ್ಲಿಗೆ ಏನು ಮಾಡಿದ್ದ? ಇತ್ತ, ಆಕೆಯನ್ನು ಕೆಣಕಿದವರಂತೂ ಚೆನ್ನಾಗಿಯೇ ಇದ್ದಾರೆ. ಈ ಕಥೆಯ ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತ್ತಾಳ್’. ಅದರಲ್ಲಿ ನಾಗವಲ್ಲಿಯಾದ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ಮೋಹನ್‌ಲಾಲ್ ಸೂಪರ್‌ಸ್ಟಾರ್ ಆಗಿಯೇ ಉಳಿದರು. ಸುರೇಶ್ ಗೋಪಿ ಕೇಂದ್ರದಲ್ಲಿ ಮಂತ್ರಿಯಾದರು. ತಮಿಳಿನಲ್ಲಿ ರಜನಿಕಾಂತ್, ಜ್ಯೋತಿಕಾ, ಹಿಂದಿಯಲ್ಲಿ ಅಕ್ಷಯ್ ಕುಮಾರ್, ವಿದ್ಯಾ ಬಾಲನ್ ಇದೇ ಕಥೆಯಲ್ಲಿ ನಟಿಸಿದರು. ನಿರ್ದೇಶಕ ಪಿ. ವಾಸು ಅವರಂತೂ ‘ಆಪ್ತಮಿತ್ರ’, ‘ಚಂದ್ರಮುಖಿ’, ‘ಆಪ್ತರಕ್ಷಕ’, ತೆಲುಗಿನ ‘ನಾಗವಲ್ಲಿ’, ಕೊನೆಗೆ 2023ರಲ್ಲಿ ‘ಚಂದ್ರಮುಖಿ 2’ ಎಂದು ಐದು ಸಲ ಆ ಬಾಗಿಲು ತೆಗೆದರು. ಇವರೆಲ್ಲರ ಹೆಸರು ಸೇರಿಸಿದರೆ ಶಾಪದ ಕಥೆ ನಿಲ್ಲುವುದಿಲ್ಲ. ಹಾಗಾಗಿ ಸೇರಿಸುವುದಿಲ್ಲ.

ಇದು ಹಳೆಯ ಕೈಚಳಕ. 1922ರಲ್ಲಿ ಈಜಿಪ್ಟಿನ ದೊರೆ ಟುಟಂಖಾಮನ್‌ನ ಗೋರಿ ಸಿಕ್ಕಿತು. ಉತ್ಖನನಕ್ಕೆ ದುಡ್ಡು ಹಾಕಿದ್ದ ಲಾರ್ಡ್ ಕಾರ್ನರ್‌ವನ್ ಮರುವರ್ಷ ಏಪ್ರಿಲ್‌ನಲ್ಲಿ ಸತ್ತ. ಸೊಳ್ಳೆ ಕಡಿದ ಜಾಗಕ್ಕೆ ಸೋಂಕು ತಗುಲಿ ವಿಷವೇರಿತ್ತು. ಪತ್ರಿಕೆಗಳು ‘ಮಮ್ಮಿಯ ಶಾಪ’ ಎಂದು ಬರೆದವು. ಗೋರಿಯನ್ನು ಹುಡುಕಿ ತೆಗೆದ ಹೊವಾರ್ಡ್ ಕಾರ್ಟರ್ ಮಾತ್ರ 1939ರವರೆಗೆ ಬದುಕಿದ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು, ಗೋರಿಯೊಳಗೆ ಹೋದವರ ಮತ್ತು ಹೋಗದವರ ಆಯಸ್ಸನ್ನು ಹೋಲಿಸಿ ನೋಡಿ, ಶಾಪಕ್ಕೆ ಆಧಾರವಿಲ್ಲ ಎಂದಿತು. ಶಾಪ ಇವತ್ತಿಗೂ ಜೀವಂತವಾಗಿದೆ. ಆ ಅಧ್ಯಯನ ಎಷ್ಟು ಜನರಿಗೆ ಗೊತ್ತು?

ಕಾಕತಾಳೀಯ ಬೇಕೇ? ನಾನೇ ಕೊಡುತ್ತೇನೆ. ‘ಆಪ್ತಮಿತ್ರ’ದ ನಿರ್ಮಾಪಕ ದ್ವಾರಕೀಶ್ ತೀರಿಕೊಂಡದ್ದು 2024ರ ಏಪ್ರಿಲ್ 16ರಂದು. ಸೌಂದರ್ಯಾ ಹೋಗಿ ಇಪ್ಪತ್ತು ವರ್ಷ ತುಂಬಲು ಒಂದೇ ದಿನ ಬಾಕಿ! ಮೈ ಜುಮ್ಮೆಂದಿತೇ? ಆಗ ದ್ವಾರಕೀಶರಿಗೆ 81 ವರ್ಷ. ವಿಷ್ಣುವರ್ಧನ್, ಉಪೇಂದ್ರ, ಶ್ರುತಿ ಮೂವರೂ ಹುಟ್ಟಿದ್ದು ಸೆಪ್ಟೆಂಬರ್ 18ರಂದು. ಇದೂ ಕಾಕತಾಳೀಯವೇ. ಆದರೆ ಇದಕ್ಕೆ ನಾವು ಕೇಕ್ ಕತ್ತರಿಸುತ್ತೇವೆ, ದೆವ್ವ ಹುಡುಕುವುದಿಲ್ಲ.

ನನಗೆ ಹೆಚ್ಚು ಸಿಟ್ಟು ಬರುವುದು ಬೇರೆ ಕಾರಣಕ್ಕೆ. ‘ಆಪ್ತಮಿತ್ರ’ ಹೇಳುವುದೇ ಅದು ದೆವ್ವವಲ್ಲ, ಗಂಗಾಳ ಮನಸ್ಸಿನ ಕಾಯಿಲೆ ಎಂದು. ಅದನ್ನು ಕಂಡುಹಿಡಿದು ಗುಣಪಡಿಸುವ ಮನೋವೈದ್ಯನ ಪಾತ್ರ ವಿಷ್ಣುವರ್ಧನ್ ಅವರದು. ಆ ಚಿತ್ರವನ್ನು ವರ್ಷಗಟ್ಟಲೆ ನೋಡಿ, ಟಿವಿಯಲ್ಲಿ ಬಂದಾಗಲೆಲ್ಲ ಮತ್ತೆ ನೋಡಿ, ಕೊನೆಗೆ ಆ ವೈದ್ಯನನ್ನೇ ದೆವ್ವ ಕೊಂದಿತು ಎಂದೆವು. ಕಥೆಯ ನಾಗವಲ್ಲಿಯಾದರೂ ಯಾರು? ರಾಜನೊಬ್ಬನ ಕೈಯಲ್ಲಿ ಕೊಲೆಯಾದ ನರ್ತಕಿ. ಕೊಂದವನು ಗಂಡಸು, ಶಾಪದ ಹೊಣೆ ಮಾತ್ರ ಹೆಂಗಸಿನದು. ತಲಕಾಡಿನಲ್ಲಿ ಮರಳು ತುಂಬಿದ್ದಕ್ಕೂ ನಾವು ಅಲಮೇಲಮ್ಮನ ಹೆಸರನ್ನೇ ಹೇಳುತ್ತೇವಲ್ಲ.

ಈಗ ಊಟ ಸೇರದ ಕಾರಣ ಹೇಳುತ್ತೇನೆ. ನಮ್ಮಣ್ಣ ಸತ್ತದ್ದು ಮದುವೆಯಾದ ಐದನೇ ತಿಂಗಳಲ್ಲಿ. ರಾತ್ರಿ ಬೈಕಿನಲ್ಲಿ ಬರುತ್ತಿದ್ದ. ಕೆಟ್ಟು ನಿಂತ ಲಾರಿ, ಹಿಂದೆ ದೀಪವಿಲ್ಲ, ಅಡ್ಡ ಇಟ್ಟ ಕಲ್ಲೂ ಇಲ್ಲ. ತಿಥಿಯ ದಿನ ಇದೇ ದೊಡ್ಡಪ್ಪ ಬೆರಳು ಮಡಚಿ ಎಣಿಸಿದ್ದರು: ‘ಹುಡುಗಿ ಮನೆಗೆ ಬಂದ ತಿಂಗಳಿಗೆ ಹಸು ಸತ್ತಿತು, ಆಮೇಲೆ ಅಜ್ಜಿ, ಈಗ ಇವನು.’ ಅಜ್ಜಿಗೆ ತೊಂಬತ್ತು ದಾಟಿತ್ತು. ಆ ಐದು ತಿಂಗಳಲ್ಲಿ ತಂಗಿಗೆ ಕೆಲಸ ಸಿಕ್ಕಿತ್ತು, ಬತ್ತಿದ್ದ ಬೋರ್‌ವೆಲ್‌ನಲ್ಲಿ ಮತ್ತೆ ನೀರು ಬಂದಿತ್ತು. ಅವು ಎಣಿಕೆಗೆ ಬರಲಿಲ್ಲ. ‘ಕಾಲ್ಗುಣ’ ಎಂಬ ಒಂದೇ ಮಾತಿಗೆ ಅತ್ತಿಗೆ ತವರಿಗೆ ಹೋದರು, ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಲಾರಿ ಯಾರದೆಂದು ಯಾರೂ ಕೇಳಲಿಲ್ಲ. ನಾನು ಆಗ ಕಾಲೇಜಿನಲ್ಲಿದ್ದೆ. ಬಾಯಿ ಬಿಡಲಿಲ್ಲ.

ಶಾಪದ ಕಥೆ ಮಾಡುವ ಕೆಲಸ ಇದೇ. ಕೇಳಬೇಕಾದ ಪ್ರಶ್ನೆಯನ್ನು ಅದು ಕೇಳಗೊಡುವುದಿಲ್ಲ. ಶಂಕರ್‌ನಾಗ್ 1990ರಲ್ಲಿ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ 35ನೇ ವಯಸ್ಸಿಗೆ ಹೋದದ್ದು ರಸ್ತೆ ಅಪಘಾತದಲ್ಲಿ. ಅದು ವಿಧಿ ಎಂದು ಹಣೆ ಚಚ್ಚಿಕೊಂಡರೆ ರಸ್ತೆ ಹಾಗೇ ಇರುತ್ತದೆ. ಸೌಂದರ್ಯಾ ಸಾವು ನಾಗವಲ್ಲಿಯದಾದರೆ ಪುಟ್ಟ ವಿಮಾನಗಳ ಸುರಕ್ಷತೆಯ ಬಗ್ಗೆ ಯಾರನ್ನೂ ಕೇಳಬೇಕಿಲ್ಲ. ವಿಷ್ಣು ಸಾವೂ ಅವಳದೇ ಆದರೆ ಐವತ್ತು ದಾಟಿದ ನಾವು ಎದೆಯ ತಪಾಸಣೆಗೆ ಹೋಗಬೇಕಿಲ್ಲ.

‘ತಮಾಷೆಗೆ ಹೇಳೋದಪ್ಪ, ಇದರಿಂದ ಯಾರಿಗೇನು ನಷ್ಟ?’ ಎನ್ನುವವರಿದ್ದಾರೆ. ಸಿನಿಮಾದವರ ಸಾವಿನ ಮೇಲೆ ಕಲಿತ ಎಣಿಕೆಯನ್ನೇ ನಾವು ಮನೆಯ ಸೊಸೆಯ ಮೇಲೂ ಹಾಕುತ್ತೇವೆ. ನಷ್ಟ ಯಾರಿಗೆಂದು ನನ್ನ ಅತ್ತಿಗೆಯನ್ನು ಕೇಳಿ. ಅವತ್ತು ಸುಮ್ಮನಿದ್ದೆ, ಮೊನ್ನೆಯೂ ಹೋಳಿಗೆ ಮುರಿಯುತ್ತಾ ಸುಮ್ಮನಿದ್ದೆ. ದೊಡ್ಡಪ್ಪ ಓದುತ್ತಾರೋ ಇಲ್ಲವೋ, ಇದನ್ನು ಅವರಿಗೇ ಬರೆದಿದ್ದೇನೆ.