ಆರು ದಿನಗಳ ಅಕ್ಷರಾರ್ಥ

ಅಮೆರಿಕದ ಕೆಂಟಕಿ ರಾಜ್ಯದ ಪೀಟರ್ಸ್‌ಬರ್ಗ್‌ನಲ್ಲಿ 2007ರಲ್ಲಿ ತೆರೆದ ‘ಸೃಷ್ಟಿ ವಸ್ತುಸಂಗ್ರಹಾಲಯ’ದಲ್ಲಿ ಡೈನೋಸಾರ್‌ಗಳೂ ಮನುಷ್ಯರೂ ಸಮಕಾಲೀನರು. ಜಗತ್ತಿಗೆ ಸುಮಾರು ಆರು ಸಾವಿರ ವರ್ಷ ವಯಸ್ಸು, ಅದು 24 ಗಂಟೆಗಳ ಆರು ದಿನಗಳಲ್ಲಿ ನಿರ್ಮಿತವಾಯಿತು ಎಂಬುದು ಅದನ್ನು ಕಟ್ಟಿದವರ ಪ್ರತಿಜ್ಞೆ. ಬೈಬಲ್ಲಿನ ಆದಿಕಾಂಡ ಹೇಳಿದ್ದನ್ನು ಇದ್ದಂತೆಯೇ ಒಪ್ಪುತ್ತೇವೆ, ನಮ್ಮದೇನನ್ನೂ ಸೇರಿಸುವುದಿಲ್ಲ ಎಂಬುದು ಈ ಪಂಥದವರ ಹೆಮ್ಮೆ. ಆ ಹೆಮ್ಮೆಗೆ ಆಧಾರವಿಲ್ಲವೆಂಬುದು ನನ್ನ ವಾದ. ಇದಕ್ಕೆ ವಿಜ್ಞಾನವನ್ನು ಸಾಕ್ಷಿಗೆ ಕರೆಯಬೇಕಿಲ್ಲ. ಅವರ ಗ್ರಂಥವೇ ಸಾಕು.

ಐರ್ಲೆಂಡಿನ ಆರ್ಮಾದ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ವಂಶಾವಳಿಗಳನ್ನು ಕೂಡಿಸಿ, ಕ್ರಿ.ಪೂ. 4004ರ ಅಕ್ಟೋಬರ್ 23ರ ಹಿಂದಿನ ಇರುಳು ಸೃಷ್ಟಿ ಮೊದಲಾಯಿತೆಂದು ಗಣಿಸಿದನು. ಅವನನ್ನು ಗೇಲಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಆ ಕಾಲಕ್ಕೆ ಅದು ಗಂಭೀರ ವಿದ್ವತ್ತು. ಅವನು ಹಿಡಿದದ್ದು ಹೀಬ್ರೂ ಪಾಠ. ಅದರಲ್ಲಿ ಸೇತನು ಹುಟ್ಟಿದಾಗ ಆದಾಮನಿಗೆ 130 ವರ್ಷ. ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುವಜಿಂಟ್‌ನಲ್ಲಿ 230. ಇಂತಹ ಪಾಠಭೇದಗಳೂ ಗಣನೆಯ ಭೇದಗಳೂ ಸೇರಿ ಬೈಜಾಂಟಿಯಮ್ಮಿನ ಸೃಷ್ಟಿಶಕ ಕ್ರಿ.ಪೂ. 5509ಕ್ಕೂ ಯಹೂದಿಗಳದು 3761ಕ್ಕೂ ನಿಂತಿವೆ. ಓಲೆಗರಿಗಳನ್ನು ಹಿಡಿದು ಗ್ರಂಥಸಂಪಾದನೆ ಮಾಡಿದ ಯಾರೂ ಇದಕ್ಕೆ ಬೆಚ್ಚುವುದಿಲ್ಲ. ಅಕ್ಷರವೇ ಪ್ರಮಾಣವೆನ್ನುವವರು ಮಾತ್ರ, ಯಾವ ಪ್ರತಿಯ ಅಕ್ಷರವೆಂಬುದನ್ನು ಮೊದಲು ಹೇಳಬೇಕಾಗುತ್ತದೆ.

ಇನ್ನು ಕ್ರಮ. ಮೊದಲ ಅಧ್ಯಾಯದಲ್ಲಿ ಮೂರನೆಯ ದಿನ ಗಿಡಮರಗಳು, ನಾಲ್ಕನೆಯ ದಿನ ಸೂರ್ಯಚಂದ್ರರು, ಆರನೆಯ ದಿನ ಮೃಗಗಳಾದ ಮೇಲೆ ಗಂಡೂ ಹೆಣ್ಣೂ. ಎರಡನೆಯ ಅಧ್ಯಾಯದಲ್ಲಾದರೋ ಗಿಡವಿನ್ನೂ ಮೊಳೆಯದ ನೆಲದಲ್ಲಿ ಮೊದಲು ಪುರುಷ, ಆಮೇಲೆ ತೋಟ, ಅನಂತರ ಮೃಗಪಕ್ಷಿಗಳು, ಕಟ್ಟಕಡೆಗೆ ಸ್ತ್ರೀ. ಇವೆರಡನ್ನೂ ಹೊಂದಿಸಲು ‘ನಿರ್ಮಿಸಿದನು’ ಎಂಬುದನ್ನು ‘ಮೊದಲೇ ನಿರ್ಮಿಸಿದ್ದನು’ ಎಂದು ಓದುತ್ತಾರೆ. ಇದು ವ್ಯಾಖ್ಯಾನವಲ್ಲದೆ ಮತ್ತೇನು?

ಎರಡನೆಯ ದಿನದ ತೊಡಕು ಇದಕ್ಕಿಂತ ದೊಡ್ಡದು. ಅಂದು ಉಂಟಾದ ಆಕಾಶಕ್ಕೆ ಹೀಬ್ರೂವಿನಲ್ಲಿರುವ ಪದ ‘ರಾಕೀಅ’. ಲೋಹವನ್ನು ಬಡಿದು ತಗಡಾಗಿಸುವ ಅರ್ಥದ ಧಾತುವಿನಿಂದ ಬಂದದ್ದು. ಅದರ ಕೆಳಗೂ ನೀರು, ಮೇಲೂ ನೀರು. ಅಕ್ಷರಶಃ ಓದಿದರೆ ನಮ್ಮ ತಲೆಯ ಮೇಲೊಂದು ಗಟ್ಟಿ ಚಾವಣಿಯೂ ಅದರಾಚೆಗೆ ಜಲರಾಶಿಯೂ ಇರಬೇಕು. 1961ರಲ್ಲಿ ‘ದಿ ಜೆನೆಸಿಸ್ ಫ್ಲಡ್’ ಬರೆದು ಈ ಪಂಥಕ್ಕೆ ಹೊಸ ಜೀವ ತುಂಬಿದ ವಿಟ್‌ಕಂಬ್ ಮತ್ತು ಮಾರಿಸ್, ಆ ಮೇಲಣ ನೀರನ್ನು ಜಲಪ್ರಳಯಕ್ಕೆ ಮುನ್ನ ಭೂಮಿಯನ್ನು ಕವಿದಿದ್ದ ನೀರಾವಿಯೆಂದು ವಿವರಿಸಿದರು. ದಿನವೆಂದರೆ 24 ಗಂಟೆಯೇ ಆಗಬೇಕು, ನೀರು ಮಾತ್ರ ಆವಿಯಾಗಬಹುದು! ವ್ಯಾಖ್ಯಾನ ಮಾಡುವುದು ದೋಷವಲ್ಲ. ಮಾಡಿಯೂ ಮಾಡಲಿಲ್ಲವೆಂದು ಹೇಳಿ, ಬೇರೆಯಾಗಿ ಓದಿದವರನ್ನು ಅವಿಶ್ವಾಸಿಗಳೆನ್ನುವುದು ದೋಷ.

ಬೇರೆಯಾಗಿ ಓದಿದವರಾದರೂ ಯಾರು? ಸೂರ್ಯನಿಲ್ಲದೆ ಮೂರು ದಿನಗಳು ಹೇಗಾದವೆಂದು ಮೂರನೆಯ ಶತಮಾನದಲ್ಲಿಯೇ ಕೇಳಿದವನು ಆರಿಜೆನ್. ಎಲ್ಲವೂ ಏಕಕಾಲದಲ್ಲಿ ಸೃಷ್ಟವಾಯಿತೆಂದು ಬರೆದವನು ಆಗಸ್ಟೀನ್, ಅದೂ ಆದಿಕಾಂಡದ ಅಕ್ಷರಾರ್ಥವನ್ನು ಕುರಿತ ಗ್ರಂಥದಲ್ಲಿ. ಪ್ರಕೃತಿಯ ವಿಷಯದಲ್ಲಿ ಅಸಂಬದ್ಧ ನುಡಿದು ಅನ್ಯರೆದುರು ಶಾಸ್ತ್ರವನ್ನು ನಗೆಗೀಡುಮಾಡುವ ಕ್ರೈಸ್ತರನ್ನು ಅವನು ಅಲ್ಲಿಯೇ ಖಂಡಿಸಿದ್ದಾನೆ. 1925ರಲ್ಲಿ ಟೆನಿಸಿಯ ಡೇಟನ್ನಿನ ನ್ಯಾಯಾಲಯದಲ್ಲಿ ಬೈಬಲ್ಲಿನ ಪರವಾಗಿ ನಿಂತ ಬ್ರಯಾನ್ ಕೂಡ, ಆ ದಿನಗಳು 24 ಗಂಟೆಯವೇ ಆಗಬೇಕಿಲ್ಲವೆಂದು ಪಾಟೀಸವಾಲಿನಲ್ಲಿ ಒಪ್ಪಿಕೊಂಡನು.

ಸೃಷ್ಟಿಕರ್ತನನ್ನೇ ಒಪ್ಪದ ಜೈನನಿಗೆ ಇದರಲ್ಲೇನು ಕೆಲಸವೆಂದು ಕೇಳಬಹುದು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಮಹಾಪುರಾಣದಲ್ಲಿ ಕರ್ತೃವಾದವನ್ನು ತರ್ಕದಿಂದಲೇ ನಿರಾಕರಿಸಿದ್ದಾರೆ. ಆ ವಾದ ಬೇರೆ. ನನ್ನನ್ನು ಚುಚ್ಚುವುದು ನಮ್ಮ ಮನೆಯ ಸಂಗತಿ. ನಮ್ಮ ಲೋಕವರ್ಣನೆಯ ಜಂಬೂದ್ವೀಪ ಲಕ್ಷ ಯೋಜನ ವಿಸ್ತಾರದ್ದು. ಅದಕ್ಕೆ ಇಬ್ಬರು ಸೂರ್ಯರು, ಇಬ್ಬರು ಚಂದ್ರರು, ನಡುವೆ ಮೇರು. ಅದನ್ನೇ ಇಂದಿನ ಭೂಗೋಳವೆಂದು ಸಾಧಿಸುವ ಪ್ರವಚನಗಳನ್ನು ಕೇಳಿದ್ದೇನೆ. ಕೆಂಟಕಿಯವರಿಗೆ ಹಾಕುವ ಪ್ರಶ್ನೆಗಳಲ್ಲಿ ಒಂದನ್ನೂ ಅಲ್ಲಿ ಹಾಕದೆ, ಕೈಮುಗಿದು ಎದ್ದು ಬಂದಿದ್ದೇನೆ.