ಬೇಲಿಯೊಳಗಿನ ಮನೆ, ಬೇಲಿಯಾಚೆಯ ಕೂಲಿ

ಹೊರನಾಡ ಕನ್ನಡಿಗರ ಸಭೆಗಳಲ್ಲಿ ಬಹುಕಾಲದಿಂದ ಕೇಳಿಬರುತ್ತಿರುವ ಒಂದು ಉಪದೇಶವಿದೆ. ನಮ್ಮ ಹುಡುಗರು ಊರು ಬಿಡಲೊಲ್ಲರು. ಅಸ್ಸಾಮಿನ ತೈಲನಗರಗಳಲ್ಲಿ, ರಾಜಸ್ಥಾನದ ಮರಳುಗಾಡಿನಲ್ಲಿ, ಕಡಲ ನಡುವಿನ ರಿಗ್ಗುಗಳಲ್ಲಿ ಬೇಕಾದಷ್ಟು ಕೆಲಸವಿದೆ. ಬೇರೆಯವರು ಹೋಗಿ ದುಡಿದು ತರುತ್ತಾರೆ, ನಮ್ಮವರಿಗೆ ಮಾತ್ರ ಬೆಂಗಳೂರೇ ಕೈಲಾಸ ಎಂಬುದು ಅದರ ಸಾರ. ಹೇಳುವವರು ಸಾಮಾನ್ಯವಾಗಿ ಹಿರಿಯರು. ನಲವತ್ತು ವರ್ಷಗಳ ಹಿಂದೆ ಒಂದು ಟ್ರಂಕು ಹಿಡಿದು ಮುಂಬಯಿಗೋ ದೆಹಲಿಗೋ ಬಂದಿಳಿದವರು. ಅವರ ಸಾಹಸದ ಬಗ್ಗೆ ನಮಗೆ ಗೌರವವಿದೆ. ಉಪದೇಶದ ಬಗ್ಗೆ ಇಲ್ಲ. ಅದೇ ವೇದಿಕೆಯಲ್ಲಿ, ಎಷ್ಟೋ ಸಲ ಅದೇ ಭಾಷಣದಲ್ಲಿ, ಇನ್ನೊಂದು ಮಾತೂ ಬರುತ್ತದೆ: ಕರ್ನಾಟಕದ ನೆಲದ ಕಾರ್ಖಾನೆಗಳಲ್ಲಿ ಕೆಲಸ ಕನ್ನಡಿಗರಿಗೇ ಸಿಗಬೇಕು. ಎರಡಕ್ಕೂ ಚಪ್ಪಾಳೆ ಬೀಳುತ್ತದೆ. ಎರಡೂ ಒಟ್ಟಿಗೆ ನಿಲ್ಲುತ್ತವೆಯೇ ಎಂದು ಕೇಳುವವರಿಲ್ಲ. ನಮ್ಮ ತಕರಾರು ಅಲ್ಲಿಗೇ ಮುಗಿಯುವುದಿಲ್ಲ. ಎರಡು ಮಾತುಗಳೂ ಕೆಲಸವನ್ನು ಮಾತ್ರ ಎಣಿಸುತ್ತವೆ. ಕೆಲಸಕ್ಕೆ ಹೋದವನು ರಾತ್ರಿ ಎಲ್ಲಿ ಮಲಗುತ್ತಾನೆಂದು ಎರಡೂ ವಿಚಾರಿಸುವುದಿಲ್ಲ. ದೂರದ ತೈಲನಗರವೊಂದರಲ್ಲಿ ಎಲ್ಲಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಅದನ್ನೇ.

ದಿಗ್ಬಾಯ್ ಎಂಬ ಹೆಸರನ್ನು ನಾವೆಲ್ಲ ಶಾಲೆಯ ಭೂಗೋಳದಲ್ಲಿ ಬಾಯಿಪಾಠ ಮಾಡಿದವರು. ಮೇಲಣ ಅಸ್ಸಾಮಿನ ಆ ಕಾಡಿನಲ್ಲಿ 1889ರಲ್ಲಿ ತೈಲ ಕಂಡಿತು, 1901ರಲ್ಲಿ ಸಂಸ್ಕರಣಾಗಾರ ಆರಂಭವಾಯಿತು, ಇಂದಿಗೂ ಅದು ನಡೆಯುತ್ತಿದೆ. ಪಠ್ಯಪುಸ್ತಕ ಹೇಳದ ಸಂಗತಿಯೆಂದರೆ, ಅಲ್ಲಿ ಬಾವಿಯೊಡನೆ ಊರನ್ನೂ ಕಂಪನಿಯೇ ನಿರ್ಮಿಸಿತು. ಗುಡ್ಡದ ನೆತ್ತಿಯ ಮೇಲೆ ಸಾಹೇಬರ ಬಂಗಲೆಗಳು, ಕ್ಲಬ್ಬು, ಗಾಲ್ಫ್ ಮೈದಾನ. ಕೆಳಗೆ ಕೂಲಿಯವರ ಲೈನುಗಳು. ಯಾರ ಮನೆ ಎಷ್ಟು ಎತ್ತರದಲ್ಲಿದೆ ಎಂಬುದರಿಂದಲೇ ಯಾರ ಸಂಬಳ ಎಷ್ಟೆಂದು ಹೇಳಬಹುದಾಗಿತ್ತು. 1939ರ ಏಪ್ರಿಲ್‌ನಲ್ಲಿ ಅಲ್ಲಿಯ ಸುಮಾರು ಹತ್ತು ಸಾವಿರ ಕಾರ್ಮಿಕರು ಮುಷ್ಕರ ಹೂಡಿದರು. ಆ ತಿಂಗಳ 18ರಂದು ನಡೆದ ಗೋಲಿಬಾರಿನಲ್ಲಿ ಮೂವರು ಸತ್ತರು. ತಿಂಗಳುಗಟ್ಟಲೆ ನಡೆದ ಆ ಮುಷ್ಕರ ಕೊನೆಗೆ ಮಹಾಯುದ್ಧದ ಗದ್ದಲದಲ್ಲಿ ಮುರಿದುಬಿತ್ತು. ಒಡೆಯನೇ ಮನೆಯೊಡೆಯನೂ ಆಗಿರುವ ಊರಿನಲ್ಲಿ ಕೆಲಸ ನಿಲ್ಲಿಸುವವನು ಕೂಲಿಯ ಜೊತೆಗೆ ಹೆಂಡತಿ ಮಕ್ಕಳ ತಲೆಯ ಮೇಲಿನ ಸೂರನ್ನೂ ಪಣಕ್ಕಿಡಬೇಕಾಗುತ್ತದೆ. ಹಾಗಿದ್ದೂ ಆ ಜನ ಅಷ್ಟು ಕಾಲ ಹಿಡಿದು ನಿಂತದ್ದನ್ನು ನೆನೆದರೆ, ಅಂದು ಗೆದ್ದವರು ಯಾರು ಎಂಬ ಪ್ರಶ್ನೆ ಅಷ್ಟು ಮುಖ್ಯವೆನಿಸುವುದಿಲ್ಲ.

ಸ್ವಾತಂತ್ರ್ಯಾನಂತರ 1953ರಲ್ಲಿ ನಹರ್‌ಕಟಿಯಾದಲ್ಲಿ ತೈಲ ಸಿಕ್ಕಿತು. ಅದರ ಬೆನ್ನಿಗೆ ಬೆಳೆದದ್ದು ದುಲಿಯಾಜಾನ್, ಆಯಿಲ್ ಇಂಡಿಯಾದ ಕೇಂದ್ರಸ್ಥಾನ. ಶಾಲೆ, ಆಸ್ಪತ್ರೆ, ಕ್ಲಬ್ಬು, ಮರಗಳ ಸಾಲಿನ ನಡುವೆ ಅಚ್ಚುಕಟ್ಟಾದ ಕ್ವಾರ್ಟರ್ಸುಗಳು, ಸುತ್ತ ಬೇಲಿ. ಸಾರ್ವಜನಿಕ ವಲಯದ ಈ ಕಾಲೊನಿಗಳನ್ನು ಗೇಲಿ ಮಾಡುವುದು ಈಗ ಒಂದು ಫ್ಯಾಷನ್. ನಾವು ಆ ಗೇಲಿಯಲ್ಲಿ ಸೇರುವುದಿಲ್ಲ. ಕೆಲಸ ಕೊಡುವವನು ಮನೆಯನ್ನೂ ಕೊಡಬೇಕು ಎಂಬ ತತ್ವವನ್ನು ಈ ದೇಶದಲ್ಲಿ ಯಾರಾದರೂ ಮನಃಪೂರ್ವಕ ಪಾಲಿಸಿದ್ದರೆ ಅದು ಇಂಥ ಕಾಲೊನಿಗಳಲ್ಲಿಯೇ. ಬೇಲಿ ಇತ್ತೆಂಬುದಕ್ಕಿಂತ, ಬೇಲಿಯ ಒಳಗೆ ಸೇರಿಸಿಕೊಳ್ಳುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತೆಂಬುದು ನಮಗೆ ದೊಡ್ಡ ದೂರು.

ಇಂದು ಅಂಥ ಊರಿಗೆ ಕೆಲಸ ಹುಡುಕಿ ಹೋಗುವವನ ಮುಂದೆ ಮೂರು ಬಾಗಿಲುಗಳಿವೆ. ಅಧಿಕಾರಿ ದರ್ಜೆಯದು ಅಖಿಲ ಭಾರತ ಮಟ್ಟದ ಆಯ್ಕೆ. ಎಂಜಿನಿಯರಿಂಗ್ ಓದಿದ ನಮ್ಮ ಮಕ್ಕಳು ಅದರಲ್ಲಿ ಹೋಗುತ್ತಿದ್ದಾರೆ, ದರ್ಜೆಗೆ ತಕ್ಕ ಕ್ವಾರ್ಟರ್ಸು ಅವರಿಗೆ ಸಿಗುತ್ತದೆ. ಇವರಿಗೆ ನಮ್ಮ ಹಿರಿಯರ ಉಪದೇಶ ಬೇಕಿಲ್ಲ. ಕಾರ್ಮಿಕ ದರ್ಜೆಯ ಕಾಯಂ ಹುದ್ದೆಗೆ ಆ ಜಿಲ್ಲೆಗಳ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಾಯಿಸಿರಬೇಕೆಂದು ಕೇಳುತ್ತಾರೆ. ಅದು ಹಾಗೆಯೇ ಇರಬೇಕಾದದ್ದು. ಕಾರಣ ಮುಂದೆ ಹೇಳುತ್ತೇವೆ. ಇನ್ನುಳಿದದ್ದು ಗುತ್ತಿಗೆ. ಐಟಿಐ ಮುಗಿಸಿದ ಹಾವೇರಿಯ ಅಥವಾ ರಾಯಚೂರಿನ ಹುಡುಗನಿಗೆ ವೇದಿಕೆಯಿಂದ ತೋರಿಸುತ್ತಿರುವ ‘ಬೇಕಾದಷ್ಟು ಕೆಲಸ’ ಈ ಬಾಗಿಲಿನದು ಮಾತ್ರ.

ಗುತ್ತಿಗೆಯ ಕೆಲಸವೆಂದರೇನು? ಕಂಪನಿ ಒಬ್ಬ ಗುತ್ತಿಗೆದಾರನಿಗೆ ಕೆಲಸ ವಹಿಸುತ್ತದೆ, ಅವನು ಉಪಗುತ್ತಿಗೆದಾರನಿಗೆ ದಾಟಿಸುತ್ತಾನೆ, ಅವನ ಕೈಕೆಳಗೆ ಜನ ತರುವ ಮೇಸ್ತ್ರಿ. ವೆಲ್ಡರನೋ ಫಿಟ್ಟರನೋ ರಿಗ್ಗಿನ ಸಹಾಯಕನೋ ಆದವನಿಗೆ ಕಂಪನಿಯೊಡನೆ ಇರುವ ಏಕೈಕ ಸಂಬಂಧ ಒಂದು ಗೇಟ್ ಪಾಸ್. ಅದರ ಅವಧಿ ಗುತ್ತಿಗೆಯ ಅವಧಿಯಷ್ಟೇ. ಕಾಲೊನಿಯ ಆಸ್ಪತ್ರೆ, ಶಾಲೆ, ಕ್ವಾರ್ಟರ್ಸು ಅವನಿಗೆ ದೂರದ ದೀಪಗಳು. ಪೇಟೆಯ ಹಿತ್ತಿಲಲ್ಲಿ ಒಂದು ಕೋಣೆ ಹಿಡಿದು ನಾಲ್ಕೈದು ಜನ ಪಾಳಿಯ ಮೇಲೆ ಮಲಗಬೇಕು. ಊರು ಚಿಕ್ಕದು, ಕೋಣೆಗಳು ಕೆಲವು; ಹೊಸ ಕಾಮಗಾರಿಯೊಂದು ಆರಂಭವಾದರೆ ಬಾಡಿಗೆ ಏರುತ್ತದೆ, ಮುಗಿದರೆ ಕೆಲಸ ಹೋಗುತ್ತದೆ. ತಿಂಗಳ ಕೂಲಿಯಲ್ಲಿ ಬಾಡಿಗೆ, ಊಟ, ಮೇಸ್ತ್ರಿಯ ಪಾಲು, ಎರಡು ಮೂರು ದಿನಗಳ ರೈಲು ಪ್ರಯಾಣದ ಖರ್ಚು ಕಳೆದು ಮನೆಗೆ ಎಷ್ಟು ಹೋಗುತ್ತದೆಂದು ಉಪದೇಶಕರು ಒಮ್ಮೆಯಾದರೂ ಲೆಕ್ಕ ಹಾಕಿದ್ದಾರೆಯೇ?

ಕಾನೂನು ಇರಲಿಲ್ಲವೆಂದಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ 1979ರಲ್ಲಿಯೇ ಬಂದಿತು. ಬೇರೆ ರಾಜ್ಯದಿಂದ ಕರೆತಂದವರಿಗೆ ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ, ಕೆಲಸವಿರುವಷ್ಟು ಕಾಲ ಯೋಗ್ಯವಾದ ವಸತಿ, ಇವೆಲ್ಲ ಗುತ್ತಿಗೆದಾರನ ಹೊಣೆಯೆಂದು ಅದರಲ್ಲಿ ಬರೆದಿತ್ತು. ನಾಲ್ಕು ದಶಕ ಆ ಕಾಯಿದೆ ಪುಸ್ತಕದಲ್ಲಿತ್ತು. 2020ರ ಕಾರ್ಮಿಕ ಸಂಹಿತೆಯ ರಚನೆಯಲ್ಲಿ ಇತರ ಹನ್ನೆರಡು ಕಾಯಿದೆಗಳೊಡನೆ ಅದನ್ನೂ ಕರಗಿಸಲಾಯಿತು. ಹೊರನಾಡಿನ ನಮ್ಮ ಸಂಘಗಳು ಭವನ ಕಟ್ಟಲು ಸರಕಾರಕ್ಕೆ ಬರೆದ ಪತ್ರಗಳು ಎಷ್ಟಿಲ್ಲ! ಆ ಕಾಯಿದೆಯ ವಸತಿಯ ಮಾತನ್ನು ಜಾರಿ ಮಾಡಿ ಎಂದು ಬರೆದ ಒಂದು ಪತ್ರವನ್ನೂ ನಾವು ಕಂಡಿಲ್ಲ.

ವಸತಿಯೆಂಬುದು ಎಂಥ ಸಾವು-ಬದುಕಿನ ವಿಷಯವೆಂದು ಮುಂಬಯಿಯ ಓದುಗರಿಗಾದರೂ ನೆನಪಿರಬೇಕು. 1974ರಲ್ಲಿ ಸಾಗರ್ ಸಮ್ರಾಟ್ ನೌಕೆ ಬಾಂಬೆ ಹೈನಲ್ಲಿ ತೈಲ ಕಂಡಂದಿನಿಂದ ನಗರದ ಪಶ್ಚಿಮಕ್ಕೆ ನೀರಿನ ಮೇಲೊಂದು ತೈಲನಗರವಿದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಅಲ್ಲಿ ಮುಳುಗಿದ ಪಿ-305 ಒಂದು ವಸತಿ ಬಾರ್ಜು. ಕಡಲಿನಲ್ಲಿ ದುಡಿಯುವ ಗುತ್ತಿಗೆಯ ಜನ ಉಣ್ಣುವ, ಮಲಗುವ ಮನೆ ಅದು. ಅದರಲ್ಲಿದ್ದ 261 ಜನರಲ್ಲಿ 186 ಮಂದಿಯನ್ನು ನೌಕಾಪಡೆ ಉಳಿಸಿತು; ಉಳಿದವರು ಉಳಿಯಲಿಲ್ಲ. ಚಂಡಮಾರುತದ ಮುನ್ಸೂಚನೆ ಮೊದಲೇ ಇತ್ತು. ಆ ವಾರ ಪತ್ರಿಕೆಗಳು ಮೃತರ ರಾಜ್ಯಗಳನ್ನು ಪಟ್ಟಿ ಮಾಡಿದವು. ನಮ್ಮವರು ಎಷ್ಟು ಜನ ಎಂದು ಅಲ್ಲಿಯೂ ಎಣಿಸತೊಡಗುವುದು ಎಂಥ ಲೆಕ್ಕಾಚಾರ!

ಇದಕ್ಕೆ ಸಿದ್ಧ ಉತ್ತರವೊಂದಿದೆ: ಕೆಲಸ ಮೊದಲು ಬರಲಿ, ಮನೆ ಮಾರುಕಟ್ಟೆಯೇ ಒದಗಿಸುತ್ತದೆ. ಮಾರುಕಟ್ಟೆಗೆ ಪೂರ್ತಿ ಬಿಟ್ಟ ತೈಲನಗರವೊಂದನ್ನು ಜಗತ್ತು ನೋಡಿಯಾಗಿದೆ. ಅಮೆರಿಕದ ಉತ್ತರ ಡಕೋಟಾದ ವಿಲಿಸ್ಟನ್ 2010ರ ಜನಗಣತಿಯಲ್ಲಿ ಹದಿನೈದು ಸಾವಿರ ಜನರೂ ಇಲ್ಲದ ಊರು. ಬಾಕ್ಕೆನ್ ಶಿಲಾಪದರದ ತೈಲ ತೆಗೆಯುವ ಭರಾಟೆಯಲ್ಲಿ ದೇಶದ ಮೂಲೆಮೂಲೆಯಿಂದ ಜನ ನುಗ್ಗಿದರು. ಕೆಲಸ ಸಿಕ್ಕಿತು, ಕೂಲಿಯೂ ಚೆನ್ನಾಗಿತ್ತು. ಆದರೆ 2014ರ ಹೊತ್ತಿಗೆ ಆ ಹಳ್ಳಿಗಾಡಿನ ಪೇಟೆಯ ಬಾಡಿಗೆ ನ್ಯೂಯಾರ್ಕನ್ನೂ ಮೀರಿಸಿತ್ತು. ಹೊರಗೆ ಹಿಮ ಸುರಿಯುತ್ತಿರುವಾಗ ಜನ ಅಂಗಡಿಯ ಅಂಗಳದಲ್ಲಿ ನಿಲ್ಲಿಸಿದ ತಮ್ಮ ವಾಹನಗಳೊಳಗೆ, ಚರ್ಚಿನ ನೆಲದ ಮೇಲೆ ಮಲಗಿದರು. ಊರಾಚೆ ತಗಡಿನ ಪೆಟ್ಟಿಗೆಗಳಂಥ ಶಿಬಿರಗಳೆದ್ದವು. ಮನೆಗಳನ್ನು ಕಟ್ಟಿ ಮುಗಿಸುವಷ್ಟರಲ್ಲಿ ತೈಲದ ಬೆಲೆ ಕುಸಿದು ಜನ ಹೊರಡತೊಡಗಿದ್ದರು. ಅಲ್ಲಿಯ ಕಾರ್ಮಿಕ ಕಾರಿನಲ್ಲಾದರೂ ಮಲಗಿದ. ನಮ್ಮವನಿಗೆ ಆ ಕಾರೂ ಇಲ್ಲ.

ನಾವೂ ಹಾಗೆಯೇ ಬಂದೆವಲ್ಲ, ಹೋಟೆಲಿನ ಮೇಜಿನ ಮೇಲೆ ಮಲಗಿ ಮೇಲೆ ಬಂದೆವಲ್ಲ, ಎನ್ನುವವರಿದ್ದಾರೆ. ಈ ಮಾತಿಗೆ ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಅದರಲ್ಲಿ ನಿಜವಿದೆ. ಮುಂಬಯಿಯ ಉಡುಪಿ ಹೋಟೆಲುಗಳ ಹುಡುಗರು ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಗೆ ಹೋಗಿ, ಬಾಗಿಲು ಹಾಕಿದ ಹೋಟೆಲಿನಲ್ಲಿಯೇ ಮಲಗಿ ಬೆಳೆದರು. ಅಲ್ಲಿಯೂ ಕೆಲಸ ಮತ್ತು ಸೂರು ಒಬ್ಬನ ಕೈಯಲ್ಲೇ ಇದ್ದವು. ಮಾಲೀಕನೊಡನೆ ಮಾತು ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತಿದ್ದವು. ಆದರೆ ಹಾಗೆ ಹೊರಬಿದ್ದ ಹುಡುಗನಿಗೆ ಮಾಟುಂಗದಲ್ಲೋ ಫೋರ್ಟಿನಲ್ಲೋ ಇನ್ನೊಂದು ಹೋಟೆಲಿತ್ತು, ಚಾಳಿನಲ್ಲಿ ಊರ ಕಡೆಯ ಅಣ್ಣನೊಬ್ಬನ ಖೋಲಿಯಿತ್ತು, ಸಂಘದ ಪಡಸಾಲೆಯಿತ್ತು, ರಾತ್ರಿಶಾಲೆಯ ಮಾಸ್ತರರಿದ್ದರು. ಹಿರಿಯರು ಮೇಲೆ ಬಂದದ್ದು ಅವರ ಛಲದಿಂದ, ನಿಜ. ಆ ಛಲಕ್ಕೆ ಬೆನ್ನೊರಗಲು ಮಹಾನಗರ ಹತ್ತು ಗೋಡೆಗಳನ್ನು ಕೊಟ್ಟಿತ್ತು. ದುಲಿಯಾಜಾನ್‌ನಲ್ಲಿ ಗೇಟ್ ಪಾಸ್ ಮುಗಿದವನಿಗೆ ಎರಡನೆಯ ಬಾಗಿಲಿಲ್ಲ. ಅಲ್ಲಿಂದ ಅವನಿಗೆ ಉಳಿಯುವುದು ತಿನ್ಸುಕಿಯಾ ರೈಲು ನಿಲ್ದಾಣ.

ಕಂಪನಿಯ ಊರು ಮುಗಿದಾಗ ಏನಾಗುತ್ತದೆಂದು ನೋಡಲು ಕನ್ನಡಿಗರು ಅಸ್ಸಾಮಿಗೆ ಹೋಗಬೇಕಿಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಯೂ ದಿಗ್ಬಾಯ್‌ನಂತೆಯೇ ಬಂಗಲೆ, ಕ್ಲಬ್ಬು, ಗಾಲ್ಫ್, ಕೆಳಗೆ ಲೈನುಗಳು. ಮೂರು ನಾಲ್ಕು ತಲೆಮಾರು ಪಾತಾಳಕ್ಕಿಳಿದು ದುಡಿದ ಕುಟುಂಬಗಳು, ತಾವು ಹುಟ್ಟಿದ ಒಂದೇ ಕೋಣೆಯ ಮನೆ ತಮ್ಮದೆಂದು ಹೇಳುವ ಕಾಗದವಿಲ್ಲದೆ ವರ್ಷಗಟ್ಟಲೆ ಅಲೆದವು. ಆ ಕೂಗು ನಮ್ಮ ಕಿವಿಗೆ ಬಿದ್ದದ್ದು ಕಡಿಮೆ. ಗಣಿಯ ಜನರಲ್ಲಿ ಹೆಚ್ಚಿನವರು ತಮಿಳರೆಂಬುದು ಅದಕ್ಕೆ ಕಾರಣವಲ್ಲವೆಂದು ಎದೆಮುಟ್ಟಿ ಹೇಳುವವರು ಯಾರು? ಮುಂಬಯಿಯಲ್ಲಿ 1960ರ ದಶಕದಲ್ಲಿ ‘ಮದ್ರಾಸಿ’ಗಳೆಂದು ಏಟು ತಿಂದ ನೆನಪನ್ನು ಜತನ ಮಾಡಿಕೊಂಡವರಿಗೆ ಕೆಜಿಎಫ್ ಇನ್ನಷ್ಟು ಹತ್ತಿರದ್ದಾಗಬೇಕಿತ್ತು.

ಸ್ಥಳೀಯರ ಹಕ್ಕಿನ ಮಾತಿಗೆ ಬರೋಣ. ಅದನ್ನು ನಾವು ವಿರೋಧಿಸುತ್ತಿಲ್ಲ. ಸರೋಜಿನಿ ಮಹಿಷಿ ವರದಿ ಮಂಡಿಸಿದ ನ್ಯಾಯ ದುಲಿಯಾಜಾನ್‌ನಲ್ಲಿ ಅಸ್ಸಾಮಿಗೂ ಸಲ್ಲಬೇಕು, ಅಷ್ಟೆ. ತಮ್ಮ ನೆಲದ ಕಚ್ಚಾತೈಲ ಬಿಹಾರದ ಬರೌನಿಗೆ ಹರಿಯುವುದೆಂದಾದಾಗ ಅಸ್ಸಾಮಿನ ಜನ 1950ರ ದಶಕದಲ್ಲಿಯೇ ಬೀದಿಗಿಳಿದು, ನೂನ್‌ಮಾಟಿಯಲ್ಲಿ ಸಣ್ಣದೊಂದು ಸಂಸ್ಕರಣಾಗಾರವನ್ನಾದರೂ ಪಡೆದರು. 1979ರಿಂದ ಆರು ವರ್ಷ ನಡೆದ ಚಳವಳಿಯಲ್ಲಿ ರಕ್ತ ಕೊಟ್ಟೇವು, ತೈಲ ಕೊಡೆವು ಎಂದು ಕೊಳವೆ ಮಾರ್ಗವನ್ನೇ ತಡೆದರು. ದುಲಿಯಾಜಾನ್ ರಕ್ತವನ್ನೂ ಕಂಡಿತು. ಇಷ್ಟಾಗಿಯೂ ಬೇಲಿಯಾಚೆಯ ಅಸ್ಸಾಮಿ ರೈತನಿಗೆ ದಕ್ಕಿದ್ದೇನು? 2020ರ ಮೇ 27ರಂದು ಬಾಗ್‌ಜಾನ್‌ನ ಬಾವಿಯೊಂದು ಸಿಡಿಯಿತು, ಜೂನ್ 9ಕ್ಕೆ ಹೊತ್ತಿಕೊಂಡಿತು, ನವೆಂಬರ್ ನಡುವಿನವರೆಗೆ ಆರಲಿಲ್ಲ. ಬೆಂಕಿಯೊಡನೆ ಸೆಣಸಿದ ಅಗ್ನಿಶಾಮಕ ಸಿಬ್ಬಂದಿಯಲ್ಲಿ ಇಬ್ಬರು ಸತ್ತರು. ಮಗುರಿ-ಮೋಟಾಪುಂಗ್ ಜೌಗಿನಂಚಿನ ಮನೆಗಳು, ಅಡಿಕೆ ಮರಗಳು, ಚಹಾದ ಮಡಿಗಳು ಸುಟ್ಟವು. ಸಾವಿರಾರು ಜನ ಪರಿಹಾರ ಶಿಬಿರಗಳಲ್ಲಿ ಮಳೆಗಾಲ ಕಳೆದರು. ಕೆಲಸಕ್ಕೆಂದು ಬಂದವನಿಗೆ ಸೂರಿಲ್ಲ, ಸೂರಿದ್ದ ಸ್ಥಳೀಯನ ಸೂರು ಉಳಿಯಲಿಲ್ಲ. ಇವರಿಬ್ಬರನ್ನು ಒಂದು ಗೇಟ್ ಪಾಸಿಗಾಗಿ ಎದುರುಬದುರು ನಿಲ್ಲಿಸಿ, ನೀನು ಹೊರಗಿನವನು, ನೀನು ಸೋಮಾರಿ ಎಂದು ಬೈಸುವುದರಿಂದ ಲಾಭ ಯಾರಿಗೆಂದು ನಮ್ಮ ಭಾಷಣಕಾರರು ಯೋಚಿಸಬೇಡವೇ?

ಕರಾವಳಿಯಲ್ಲಿಯೂ ಇದೇ ಕಥೆ. ನವ ಮಂಗಳೂರು ಬಂದರಿಗೆ ನೆಲ ಬಿಟ್ಟುಕೊಟ್ಟವರನ್ನು ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ತಂದು ನೆಲೆಗೊಳಿಸಿದರು. ಅವುಗಳ ಮಗ್ಗುಲಿಗೇ ತೈಲ ಸಂಸ್ಕರಣಾಗಾರ ಎದ್ದಿತು. ಬಳಿಕ ವಿಶೇಷ ಆರ್ಥಿಕ ವಲಯಕ್ಕಾಗಿ ಕಳವಾರು, ಪೆರ್ಮುದೆಗಳ ಗದ್ದೆಗಳು ಹೋದವು. ಅಲ್ಲಿ ನೇಮಕಾತಿಯ ಪಟ್ಟಿ ಹೊರಬಿದ್ದಾಗಲೆಲ್ಲ ಎಷ್ಟು ಕನ್ನಡಿಗರು, ಎಷ್ಟು ತುಳುವರು ಎಂಬ ಗಲಾಟೆ ಏಳುತ್ತದೆ. ಏಳಲಿ. ಆದರೆ ದುರಸ್ತಿಗೆಂದು ಸ್ಥಾವರ ನಿಲ್ಲಿಸಿದ ದಿನಗಳಲ್ಲಿ ಬಂದಿಳಿಯುವ ಒಡಿಶಾ, ಬಿಹಾರ, ಉತ್ತರ ಕರ್ನಾಟಕದ ಗುತ್ತಿಗೆಯ ಜನ ಆ ಪಟ್ಟಿಯಲ್ಲಿಲ್ಲ. ಅವರು ಮಲಗುವ ಶೆಡ್ಡುಗಳ ಬಗ್ಗೆ ಯಾವ ಕನ್ನಡ ಸಂಘಟನೆಯೂ ಮನವಿ ಸಲ್ಲಿಸಿದಂತಿಲ್ಲ. 2024ರ ಜುಲೈನಲ್ಲಿ ಕರ್ನಾಟಕ ಸರಕಾರ ಸ್ಥಳೀಯರ ಮೀಸಲಾತಿಯ ಮಸೂದೆಯನ್ನು ಸಂಪುಟದಲ್ಲಿ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಆ ವಾರ ನಡೆದ ವಾಗ್ವಾದವೆಲ್ಲ ಶೇಕಡಾವಾರಿನದು; ವ್ಯವಸ್ಥಾಪಕ ಹುದ್ದೆಯಲ್ಲಿ 50, ಉಳಿದುದರಲ್ಲಿ 70. ವಸತಿಯ ಬಗ್ಗೆ ಯಾರೂ ತುಟಿ ಬಿಚ್ಚಲಿಲ್ಲ.

ಆದ್ದರಿಂದ ಹೊರನಾಡ ಸಂಘಗಳ ಮುಂದೆ ನಮ್ಮ ಬೇಡಿಕೆ ಇದು. ಉದ್ಯೋಗದ ಬಗ್ಗೆ ಇನ್ನು ಮುಂದೆ ಅಂಗೀಕರಿಸುವ ಯಾವ ನಿರ್ಣಯದಲ್ಲಿಯೂ, ಅದು ಸುರತ್ಕಲ್ಲಿನದಾಗಲಿ ದುಲಿಯಾಜಾನ್‌ನದಾಗಲಿ, ಗುತ್ತಿಗೆ ಕಾರ್ಮಿಕನ ವಸತಿ ಮುಖ್ಯ ಕಂಪನಿಯ ಹೊಣೆಯೆಂದು ಬರೆಯಿರಿ. ಆತ ಕನ್ನಡಿಗನೋ ಅಲ್ಲವೋ ಎಂದು ನೋಡದೆ ಬರೆಯಿರಿ. ದೂರದ ಊರಿಗೆ ಹೋಗೆಂದು ಹುಡುಗನೊಬ್ಬನಿಗೆ ಹೇಳುವ ಮೊದಲು ಅಲ್ಲಿಯ ಒಂದು ಕೋಣೆಯ ಬಾಡಿಗೆ ಎಷ್ಟು, ಗುತ್ತಿಗೆ ಎಷ್ಟು ತಿಂಗಳದ್ದು, ಕೆಲಸ ಹೋದ ದಿನ ಅವನು ಯಾರಿಗೆ ಫೋನು ಮಾಡಬೇಕು ಎಂಬುದನ್ನು ವಿಚಾರಿಸಿ ಹೇಳಿ. ಪ್ರತಿಯೊಂದು ಸಂಘದಲ್ಲಿಯೂ ನಿವೃತ್ತ ತೈಲೋದ್ಯಮ ನೌಕರರು ಒಬ್ಬಿಬ್ಬರಾದರೂ ಇದ್ದಾರೆ. ರಾಜ್ಯೋತ್ಸವದ ಸಮಿತಿಯಲ್ಲಿ ಅವರನ್ನು ಕೂರಿಸಿಕೊಳ್ಳುವ ಹಾಗೆಯೇ ಈ ಕೆಲಸಕ್ಕೂ ಕೂರಿಸಿಕೊಳ್ಳಬಹುದು.